ಒಬ್ಬನೇ ಗಿರಾಕಿ, ಊರಿಗೆಲ್ಲ ದ್ರಾಕ್ಷಿ: ಜಾರ್ಜಿಯಾದ ಕಥೆ

ಬನ್ನಿ, ಇವತ್ತು ಮೊಬೈಲಿನ ಮ್ಯಾಪ್ ಹಿಡಿದು ಕಾಕಸಸ್ ಬೆಟ್ಟಸಾಲಿಗೆ ಹೋಗಿಬರೋಣ. ರಷ್ಯಾದ ದಕ್ಷಿಣಕ್ಕಿರುವ ಜಾರ್ಜಿಯಾ ನಮ್ಮ ಕರ್ನಾಟಕದ ಅರ್ಧದಷ್ಟೂ ಇಲ್ಲದ ದೇಶ. ಇದು ಕುಡಿತದ ಪ್ರಚಾರವಲ್ಲ, ದ್ರಾಕ್ಷಿ ಬೆಳೆಗಾರರ ಇತಿಹಾಸ.

ರಾಜಧಾನಿ ತ್ಬಿಲಿಸಿ. ಅಲ್ಲಿನ ಭಾಷೆಯಲ್ಲಿ ‘ತ್ಬಿಲಿ’ ಅಂದರೆ ಬೆಚ್ಚಗೆ. ಐದನೇ ಶತಮಾನದ ರಾಜ ವಖ್ತಾಂಗ್ ಬೇಟೆಗೆ ಹೋದಾಗ ಹಕ್ಕಿಯೊಂದು ಬಿಸಿನೀರಿನ ಬುಗ್ಗೆಗೆ ಬಿತ್ತಂತೆ. ಅದನ್ನು ಕಂಡು ಅಲ್ಲೇ ಊರು ಕಟ್ಟಿಸಿದನೆಂಬುದು ಐತಿಹ್ಯ. ಹಳೇ ಪೇಟೆಯಲ್ಲಿ ಇಟ್ಟಿಗೆ ಗುಮ್ಮಟಗಳ ಸ್ನಾನಗೃಹಗಳಿಗೆ ಇಂದಿಗೂ ಗಂಧಕದ ಬಿಸಿನೀರೇ ಬರುತ್ತದೆ.

ಪೂರ್ವಕ್ಕೆ ಹೋದರೆ ಕಾಖೇತಿ. ಹಿಮದ ಬೆಟ್ಟಗಳ ಕೆಳಗೆ ಕಣಿವೆ ತುಂಬ ದ್ರಾಕ್ಷಿ. ಅಲ್ಲಿನ ಮನೆಗಳಲ್ಲಿ ‘ಕ್ವೆವ್ರಿ’ ಎಂಬ ಮೊಟ್ಟೆಯಾಕಾರದ ದೊಡ್ಡ ಮಣ್ಣಿನ ಗುಡಾಣವನ್ನು ಕತ್ತಿನವರೆಗೆ ನೆಲದಲ್ಲಿ ಹೂತಿರುತ್ತಾರೆ. ತುಳಿದ ದ್ರಾಕ್ಷಿಯ ರಸವನ್ನು ಸಿಪ್ಪೆ, ಬೀಜದ ಸಮೇತ ಅದಕ್ಕೆ ಸುರಿದು, ಹುಳಿ ಬಂದ ಮೇಲೆ ಬಾಯಿ ಮುಚ್ಚಿ ಐದಾರು ತಿಂಗಳು ಬಿಡುತ್ತಾರೆ. ಸುತ್ತಲ ಮಣ್ಣೇ ತಂಪು ಕಾಯುತ್ತದೆ. 2013ರಲ್ಲಿ ಯುನೆಸ್ಕೋ ಈ ಪದ್ಧತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ತ್ಬಿಲಿಸಿಯ ದಕ್ಷಿಣದ ದಿಬ್ಬಗಳಲ್ಲಿ ಸಿಕ್ಕ ಮಡಕೆ ಚೂರುಗಳಲ್ಲಿ ಸುಮಾರು 8,000 ವರ್ಷ ಹಿಂದಿನ ವೈನಿನ ಅಂಶವಿದೆಯೆಂದು ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದರು.

ಪಶ್ಚಿಮಕ್ಕೆ, ಕಾಡುಬೆಟ್ಟಗಳ ನಡುವೆ ಬೋರ್ಜೊಮಿ. ಅಲ್ಲಿ ಚಿಮ್ಮುವ ಖನಿಜದ ನೀರಿಗಾಗಿ ರಷ್ಯಾದ ಅರಸು ಮನೆತನದವರೇ ಬಂದು ತಂಗುತ್ತಿದ್ದರು. ಆಮೇಲೆ ಆ ನೀರು ಬಾಟಲಿಯಲ್ಲಿ ಸೋವಿಯತ್ ನಾಡಿಗೆಲ್ಲ ಹೋಯಿತು. ವೈನ್ ಕೂಡ ಅಲ್ಲಿಗೇ.

ಪೆಟ್ಟು ಬಿದ್ದದ್ದು ಇಲ್ಲೇ. 1985ರಲ್ಲಿ ಗೋರ್ಬಚೆವ್ ಮದ್ಯವಿರೋಧಿ ಆಂದೋಲನ ಶುರುವಾಗಿ ಎಷ್ಟೋ ತೋಟಗಳನ್ನು ಬೇರುಸಹಿತ ಕಿತ್ತರು. ಮುಂದೆ ಜಾರ್ಜಿಯಾ ಸ್ವತಂತ್ರವಾದರೂ ದೊಡ್ಡ ಗಿರಾಕಿ ಬದಲಾಗಲಿಲ್ಲ. 2006ರಲ್ಲಿ ರಷ್ಯಾ ಮೊದಲು ವೈನ್, ನಂತರ ಬೋರ್ಜೊಮಿ ನೀರನ್ನು ನಿಷೇಧಿಸಿತು. ಗುಣಮಟ್ಟ ಸರಿಯಿಲ್ಲ ಎಂದು ರಷ್ಯಾ, ಇದು ರಾಜಕೀಯದ ಸೇಡು ಎಂದು ಜಾರ್ಜಿಯಾ. ಬೆಳೆಗಾರನಿಗೆ ಮಾತ್ರ ಬಳ್ಳಿಯಲ್ಲಿ ಫಸಲು, ಬಾಗಿಲಲ್ಲಿ ಯಾರೂ ಇಲ್ಲ.

ಆ ಏಳು ವರ್ಷದಲ್ಲಿ ಅವರು ಬೇರೆ ದೇಶಗಳ ಮಾರುಕಟ್ಟೆ ಹುಡುಕಿದರು, ಗುಣಮಟ್ಟ ಸುಧಾರಿಸಿದರು. ಮನೆಯ ಗುಡಾಣವೇ ಪ್ರವಾಸಿಗರನ್ನು ಕರೆತಂದಿತು. 2013ರಲ್ಲಿ ರಷ್ಯಾ ಬಾಗಿಲು ತೆರೆಯಿತು. ಈಗ ಮತ್ತೆ ಅದೇ ಅತಿ ದೊಡ್ಡ ಗಿರಾಕಿ.

ಇಡೀ ಬೆಳೆಯನ್ನು ಒಬ್ಬನೇ ದಲ್ಲಾಳಿಯ ಲಾರಿಗೆ ತುಂಬಿ ಕಳಿಸಿದವರು ನಮ್ಮೂರುಗಳಲ್ಲೂ ಇದ್ದಾರೆ. ಅವರಿಗೆ ಈ ಕಥೆಯನ್ನು ನಾವು ಬಿಡಿಸಿ ಹೇಳಬೇಕಿಲ್ಲ.