ಒರಾಕಲ್‌ನಿಂದ ಪೋಸ್ಟ್‌ಗ್ರೆಸ್‌ಗೆ: ಡೇಟಾಬೇಸ್ ಸಾಗಣೆಯಲ್ಲಿ ಅರ್ಥದ ರಕ್ಷಣೆ

ವೈದ್ಯರು ಇಂದು ರೋಗಿಯ ವಿವರಗಳನ್ನು ನೋಡುವುದು ಬಹುಮಟ್ಟಿಗೆ ಬ್ರೌಸರಿನ ಮೂಲಕ. ಪರದೆಯ ಮೇಲೆ ಕಾಣುವ ಪುಟವು ಆ ವ್ಯವಸ್ಥೆಯ ಮುಖ ಮಾತ್ರ. ಹೆಸರು, ಔಷಧ, ಅಲರ್ಜಿ, ರಕ್ತಪರೀಕ್ಷೆಯ ಫಲಿತಾಂಶ ಇವೆಲ್ಲ ನೆಲೆಸಿರುವುದು ಅದರ ಹಿಂದಿನ ಡೇಟಾಬೇಸಿನಲ್ಲಿ. ಬ್ಯಾಂಕು, ಸರಕಾರಿ ಕಚೇರಿ, ಅಂಗಡಿಗಳ ಜಾಲತಾಣಗಳ ಸ್ಥಿತಿಯೂ ಇದೇ. ಈ ಡೇಟಾಬೇಸನ್ನು ವಾಣಿಜ್ಯ ತಂತ್ರಾಂಶದಿಂದ ಮುಕ್ತ ತಂತ್ರಾಂಶಕ್ಕೆ ಸಾಗಿಸುವ ಕಾರ್ಯ ಈಗ ಅನೇಕ ಸಂಸ್ಥೆಗಳಲ್ಲಿ ನಡೆದಿದೆ. ಹಣದ ಉಳಿತಾಯವೇ ಇದಕ್ಕೆ ಮೊದಲ ಪ್ರೇರಣೆ. ಆದರೆ ದತ್ತಾಂಶವೆಲ್ಲ ಒಂದಕ್ಷರವೂ ಬಿಡದೆ ಹೊಸ ಮನೆಯನ್ನು ತಲುಪಿದ ಮೇಲೂ ಅದರ ಅರ್ಥ ಕೆಡಬಹುದು. ಈ ಲೇಖನದ ಮುಖ್ಯ ವಿಷಯ ಅದೇ.

ಎರಡು ವಂಶಗಳು

1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಅವರು ದತ್ತಾಂಶವನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಲ್ಲಿ ಜೋಡಿಸುವ ಸಿದ್ಧಾಂತವನ್ನು ಮಂಡಿಸಿದರು. ಆ ಒಂದೇ ಬೇರಿನಿಂದ ಎರಡು ವಂಶಗಳು ಬೆಳೆದವು. 1977ರಲ್ಲಿ ಆರಂಭವಾದ ಸಂಸ್ಥೆಯೊಂದು 1979ರಲ್ಲಿ ಒರಾಕಲ್ ಎಂಬ ಡೇಟಾಬೇಸನ್ನು ಮಾರುಕಟ್ಟೆಗೆ ತಂದಿತು. ಅತ್ತ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಸಂಗಡಿಗರು ಇಂಗ್ರೆಸ್ ಎಂಬ ವ್ಯವಸ್ಥೆಯನ್ನು ಕಟ್ಟಿ, 1986ರಲ್ಲಿ ಅದರ ಮುಂದಿನ ಹೆಜ್ಜೆಯಾಗಿ ಪೋಸ್ಟ್‌ಗ್ರೆಸ್ ಯೋಜನೆಯನ್ನು ಕೈಗೊಂಡರು. 1996ರಲ್ಲಿ ಅದು ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಹೆಸರು ಪಡೆದು, ಜಗತ್ತಿನ ಸ್ವಯಂಸೇವಕರ ಕೈಯಲ್ಲಿ ಮುಕ್ತ ತಂತ್ರಾಂಶವಾಗಿ ಬೆಳೆಯಿತು. ಯಾವ ಒಂದು ಕಂಪನಿಯೂ ಅದರ ಒಡೆಯನಲ್ಲ.

ಖರ್ಚು ಮತ್ತು ಹಿಡಿತ

ಒರಾಕಲ್ ಎಂಟರ್‌ಪ್ರೈಸ್ ಆವೃತ್ತಿಯ ಪಟ್ಟಿಬೆಲೆ ಬಹುಕಾಲದಿಂದ ಪ್ರತಿ ಪ್ರೊಸೆಸರ್ ಪರವಾನಗಿಗೆ 47,500 ಡಾಲರ್. ಇದರ ಮೇಲೆ ಪ್ರತಿವರ್ಷ ಶೇಕಡ 22ರಷ್ಟು, ಅಂದರೆ 10,450 ಡಾಲರ್, ನಿರ್ವಹಣಾ ಶುಲ್ಕ. ದೊಡ್ಡ ಗ್ರಾಹಕರು ಚೌಕಾಶಿ ಮಾಡಿ ರಿಯಾಯಿತಿ ಪಡೆಯುವುದುಂಟು. ಆದರೂ ಯಂತ್ರಗಳ ಸಂಖ್ಯೆ ಹೆಚ್ಚಿದಂತೆ ಲೆಕ್ಕವೂ ಏರುತ್ತದೆ. ಪೋಸ್ಟ್‌ಗ್ರೆಸ್‌ಗೆ ಪರವಾನಗಿ ಶುಲ್ಕವಿಲ್ಲ. ಹಾಗೆಂದು ಅದು ಖರ್ಚಿಲ್ಲದ್ದಲ್ಲ: ಬಲ್ಲವರ ಸಂಬಳ, ತರಬೇತಿ, ಸಾಗಣೆಯ ಶ್ರಮ ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಣಕ್ಕಿಂತ ಹಿಡಿತದ ಪ್ರಶ್ನೆ ದೊಡ್ಡದು. ಇಂಗ್ಲೆಂಡಿನ ಆರೋಗ್ಯ ಸೇವೆಯಲ್ಲಿ ರೋಗಿಗಳ ಗುರುತು, ವಿದ್ಯುನ್ಮಾನ ಔಷಧ ಚೀಟಿ ಮೊದಲಾದವನ್ನು ಬೆಸೆಯುವ ‘ಸ್ಪೈನ್’ ಎಂಬ ರಾಷ್ಟ್ರೀಯ ವ್ಯವಸ್ಥೆಯಿದೆ. ಒರಾಕಲ್ ಆಧಾರಿತವಾಗಿದ್ದ ಅದನ್ನು 2014ರ ಆಗಸ್ಟ್‌ನಲ್ಲಿ ಮುಕ್ತ ತಂತ್ರಾಂಶಗಳ ಮೇಲೆ ಹೊಸದಾಗಿ ನಿಲ್ಲಿಸಲಾಯಿತು. ಅಲ್ಲಿ ಆರಿಸಿಕೊಂಡದ್ದು ಪೋಸ್ಟ್‌ಗ್ರೆಸ್ ಅಲ್ಲ, ಕೋಷ್ಟಕಗಳ ಮಾದರಿಗೆ ಸೇರದ ರಿಯಾಕ್ ಎಂಬ ಡೇಟಾಬೇಸ್. ರಿಯಾಕ್ ಅನ್ನು ರೂಪಿಸಿದ ಬಾಶೋ ಕಂಪನಿ 2017ರಲ್ಲಿ ಮುಳುಗಿತು. ಅದರ ಸ್ವತ್ತನ್ನು ಕೊಂಡ ಬೆಟ್365 ಕಂಪನಿಯು ತಂತ್ರಾಂಶದ ಉಳಿದ ಭಾಗಗಳನ್ನೂ ಮುಕ್ತಗೊಳಿಸಿತು. ತಯಾರಕ ಕಂಪನಿ ಮುಚ್ಚಿದರೂ ತಂತ್ರಾಂಶ ಬಳಕೆದಾರರ ಕೈತಪ್ಪಲಿಲ್ಲ. ಮುಕ್ತ ತಂತ್ರಾಂಶದ ನಿಜವಾದ ಭರವಸೆ ಇದು.

ಅರ್ಥ ಕೆಡುವ ಸ್ಥಳಗಳು

ಒರಾಕಲ್ ಮತ್ತು ಪೋಸ್ಟ್‌ಗ್ರೆಸ್ ಎರಡರ ಭಾಷೆಯೂ ಎಸ್‌ಕ್ಯೂಎಲ್. ಆದರೆ ಒಂದೇ ಭಾಷೆಯ ಎರಡು ಪ್ರಾಂತಗಳ ಮಾತಿನಂತೆ, ಅದೇ ಪದ ಬೇರೆ ಅರ್ಥ ಕೊಡಬಲ್ಲದು.

ಮೊದಲನೆಯದು, ಖಾಲಿ ಮತ್ತು ಅಜ್ಞಾತ. ಒರಾಕಲ್ ಖಾಲಿ ಪಠ್ಯವನ್ನು ‘ನಲ್’ ಎಂದೇ, ಅಂದರೆ ಮೌಲ್ಯವಿಲ್ಲವೆಂದೇ, ಎಣಿಸುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಅವು ಬೇರೆ ಬೇರೆ. ಅಲರ್ಜಿಯ ಜಾಗವನ್ನು ತುಂಬದೆ ಉಳಿಸಿದ ಅರ್ಜಿಯನ್ನು ಊಹಿಸಿಕೊಳ್ಳಿ. ‘ಅಲರ್ಜಿಯ ಬಗ್ಗೆ ಇನ್ನೂ ಕೇಳದ ರೋಗಿಗಳು’ ಎಂಬ ಪಟ್ಟಿಯು ನಲ್ ಇರುವ ಸಾಲುಗಳನ್ನು ಹುಡುಕುವಂತಿದ್ದರೆ, ಒರಾಕಲ್‌ನಲ್ಲಿ ಆ ರೋಗಿ ಪಟ್ಟಿಯಲ್ಲಿ ಬರುತ್ತಾನೆ. ಸಾಗಣೆಯ ನಂತರ ದಾಖಲಾದ ಖಾಲಿ ಅರ್ಜಿಗಳು ಅದರಿಂದ ಬಿಟ್ಟುಹೋಗುತ್ತವೆ. ಪೆನಿಸಿಲಿನ್ ಬರೆಯುವ ಮುನ್ನ ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳದೇ ಹೋಗಬಹುದು. ಹಾಗೆಯೇ ಒರಾಕಲ್‌ನಲ್ಲಿ ಪಠ್ಯಕ್ಕೆ ನಲ್ ಜೋಡಿಸಿದರೆ ಪಠ್ಯ ಉಳಿಯುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಸಾಮಾನ್ಯ ಜೋಡಣೆ ಇಡೀ ಫಲವನ್ನು ನಲ್ ಮಾಡುತ್ತದೆ. ನಡುವಿನ ಹೆಸರು ಇಲ್ಲದವರ ಪೂರ್ಣ ಹೆಸರೇ ಮಾಯವಾಗುವುದು ಹೀಗೆ.

ಎರಡನೆಯದು, ಕಾಲ. ಒರಾಕಲ್‌ನ ‘ಡೇಟ್’ ಎಂಬ ಮಾದರಿಯಲ್ಲಿ ದಿನದ ಜೊತೆಗೆ ಗಂಟೆ, ನಿಮಿಷ, ಸೆಕೆಂಡುಗಳೂ ಇರುತ್ತವೆ. ಪೋಸ್ಟ್‌ಗ್ರೆಸ್‌ನ ‘ಡೇಟ್’ನಲ್ಲಿ ದಿನ ಮಾತ್ರ. ಹೆಸರು ಒಂದೇ ಎಂದು ನೇರವಾಗಿ ಹೊಂದಿಸಿದರೆ ಬೆಳಗಿನ ಆರಕ್ಕೆ ಕೊಟ್ಟ ಇನ್ಸುಲಿನ್ನಿಗೂ ರಾತ್ರಿ ಹತ್ತಕ್ಕೆ ಕೊಟ್ಟದ್ದಕ್ಕೂ ದಾಖಲೆಯಲ್ಲಿ ಭೇದವಿರದು. ಇದನ್ನು ‘ಟೈಮ್‌ಸ್ಟಾಂಪ್’ ಆಗಿ ಮಾರ್ಪಡಿಸಬೇಕು. ಓರಾ2ಪಿಜಿ ಎಂಬ ಮುಕ್ತ ಸಾಧನ ರೂಢಿಯಲ್ಲಿ ಹಾಗೆಯೇ ಮಾಡುತ್ತದೆ.

ಮೂರನೆಯದು, ತಪ್ಪಿನ ನಂತರದ ನಡವಳಿಕೆ. ಒಂದು ವ್ಯವಹಾರದ ನಡುವೆ ಒಂದು ಆಜ್ಞೆ ವಿಫಲವಾದರೆ ಒರಾಕಲ್ ಆ ಆಜ್ಞೆಯನ್ನಷ್ಟೇ ಹಿಂದೆಗೆದು ಮುಂದುವರಿಯಲು ಬಿಡುತ್ತದೆ. ಪೋಸ್ಟ್‌ಗ್ರೆಸ್ ಆ ವ್ಯವಹಾರದ ಮುಂದಿನ ಆಜ್ಞೆಗಳನ್ನೆಲ್ಲ ನಿರಾಕರಿಸುತ್ತದೆ. ‘ಸೇರಿಸಲು ಯತ್ನಿಸು, ಈಗಾಗಲೇ ಇದ್ದರೆ ತಿದ್ದು’ ಎಂಬ ಹಳೆಯ ಬರಹಗಳನ್ನು ಇದಕ್ಕಾಗಿ ಮತ್ತೆ ಬರೆಯಬೇಕಾಗುತ್ತದೆ.

ನಾಲ್ಕನೆಯದು ನಮ್ಮ ಲಿಪಿಗೆ ಸಂಬಂಧಿಸಿದ್ದು. ಒರಾಕಲ್‌ನಲ್ಲಿ ಪಠ್ಯದ ಉದ್ದ 20 ಎಂದರೆ, ಬೇರೆ ಸೂಚನೆ ಇಲ್ಲದಿದ್ದಲ್ಲಿ, 20 ಬೈಟುಗಳು. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟು ಬೇಕು. ‘ವೆಂಕಟೇಶ’ ಎಂಬ ಪುಟ್ಟ ಹೆಸರಿನಲ್ಲಿ ವ್ಯಂಜನ, ಸ್ವರಚಿಹ್ನೆ, ಸೊನ್ನೆ ಸೇರಿ 7 ಸಂಕೇತಗಳು, ಅಂದರೆ 21 ಬೈಟುಗಳು. ಹೆಸರು ಆ ಜಾಗದಲ್ಲಿ ಹಿಡಿಸದು! ಪೋಸ್ಟ್‌ಗ್ರೆಸ್ ಎಣಿಸುವುದು ಸಂಕೇತಗಳನ್ನು. ಅಲ್ಲಿ ಇನ್ನೂ 13ಕ್ಕೆ ಸ್ಥಳವಿರುತ್ತದೆ. ಸಾಗಣೆಯಿಂದ ಕೆಡುಕಷ್ಟೇ ಅಲ್ಲ, ಇಂಥ ಒಳಿತೂ ಉಂಟು.

ಸಾಗಣೆಯ ಕ್ರಮ

ಫೆನಿಟಾಯಿನ್‌ನಂಥ ಅಪಸ್ಮಾರದ ಔಷಧವನ್ನು ಒಂದು ಕಂಪನಿಯ ಮಾತ್ರೆಯಿಂದ ಇನ್ನೊಂದಕ್ಕೆ ಬದಲಿಸುವಾಗ, ಮಿಲಿಗ್ರಾಂ ಅದೇ ಇದ್ದರೂ ವೈದ್ಯರು ರೋಗಿಯ ಮೇಲೆ ಕಣ್ಣಿಡುತ್ತಾರೆ, ಅಗತ್ಯವಿದ್ದರೆ ರಕ್ತದಲ್ಲಿನ ಮಟ್ಟವನ್ನು ಅಳೆಯುತ್ತಾರೆ. ಡೇಟಾಬೇಸಿಗೂ ಇದೇ ಜಾಗರೂಕತೆ ಸಲ್ಲಬೇಕು.

ಮೊದಲು ಕೋಷ್ಟಕಗಳು, ಡೇಟಾಬೇಸಿನೊಳಗೇ ಬರೆದಿಟ್ಟ ಕಾರ್ಯಕ್ರಮಗಳು, ಅದನ್ನು ಬಳಸುವ ಎಲ್ಲ ತಂತ್ರಾಂಶಗಳ ಪಟ್ಟಿಯಾಗಲಿ. ಅನಂತರ ಹಳೆಯದನ್ನು ನಡೆಸುತ್ತಲೇ ಹೊಸದಕ್ಕೆ ದತ್ತಾಂಶ ಹರಿಸಿ, ಒಂದೇ ಪ್ರಶ್ನೆಯನ್ನು ಎರಡಕ್ಕೂ ಕೇಳಿ ಉತ್ತರಗಳನ್ನು ಹೋಲಿಸಬೇಕು. ಸಾಲುಗಳ ಎಣಿಕೆ ಹೊಂದಿದರೆ ಸಾಲದು. ಖಾಲಿ ಜಾಗ, ಸಮಯ, ದಶಾಂಶದ ಸಂಖ್ಯೆ, ಹೆಸರುಗಳ ಅಕಾರಾದಿ ಕ್ರಮ ಇವನ್ನು ಬೇರೆಯಾಗಿ ಪರೀಕ್ಷಿಸಬೇಕು. ವ್ಯವಸ್ಥೆಯನ್ನು ದಿನವೂ ಬಳಸುವ ದಾದಿ, ಔಷಧಾಲಯದವರು, ಗುಮಾಸ್ತರು ಈ ಪರೀಕ್ಷೆಯಲ್ಲಿ ಭಾಗವಹಿಸುವುದು ಅವಶ್ಯ. ಯಾವ ಖಾಲಿ ಜಾಗಕ್ಕೆ ಯಾವ ಅರ್ಥವಿದೆಯೆಂದು ಅವರಿಗೆ ತಿಳಿದಿರುತ್ತದೆ. ಕೊನೆಗೆ, ಹೊಸದರಲ್ಲಿ ದೋಷ ಕಂಡರೆ ಹಿಂದಿರುಗುವ ದಾರಿ ಸಿದ್ಧವಿರಬೇಕು.

ಡೇಟಾಬೇಸ್ ಬದಲಾದುದು ರೋಗಿಗೆ ತಿಳಿಯಬೇಕಿಲ್ಲ. ನಿನ್ನೆ ಆತ ಹೇಳಿದ ಮಾತು ನಾಳೆ ಪರದೆ ತೆರೆಯುವ ವೈದ್ಯರಿಗೂ ಅದೇ ಅರ್ಥದಲ್ಲಿ ತಲುಪಿದರೆ ಸಾಗಣೆ ಸಫಲವಾಯಿತೆಂದು ತಿಳಿಯಬಹುದು.