ಅರುವಂಕಾಡಿನ ಆಮ್ಲ, ಸವೆಯುವ ಪ್ಲಾಟಿನಂ

ನೀಲಗಿರಿಯಲ್ಲಿ ನೈಟ್ರಿಕ್ ಆಮ್ಲದ ಚರಿತ್ರೆ ಹುಡುಕುವವರು ಮೊದಲು ಹೋಗಬೇಕಾದ್ದು ಕೂನೂರಿನ ಪಕ್ಕದ ಅರುವಂಕಾಡಿಗೆ. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಬ್ರಿಟಿಷ್ ಸರ್ಕಾರ ಅಲ್ಲಿ ಕಾರ್ಡೈಟ್ ಎಂಬ ಸಿಡಿಮದ್ದಿನ ಕಾರ್ಖಾನೆ ಕಟ್ಟಿತು. ಕಾಟೇರಿ ಜಲಪಾತದಿಂದ ಅದಕ್ಕೆ ವಿದ್ಯುತ್ ಬಂತು. ಕಾರ್ಡೈಟಿಗೆ ಬೇಕಾದ ನೈಟ್ರೋಗ್ಲಿಸರಿನ್, ಗನ್‌ಕಾಟನ್ ಎರಡಕ್ಕೂ ನೈಟ್ರಿಕ್ ಆಮ್ಲ ಬೇಕು. ಆ ಕಾಲದಲ್ಲಿ ಆಮ್ಲ ತೆಗೆಯುವ ರೂಢಿ ಎಂದರೆ ಪೆಟ್ಲುಪ್ಪನ್ನೋ ಚಿಲಿ ದೇಶದ ನೈಟ್ರೇಟನ್ನೋ ಗಂಧಕಾಮ್ಲದ ಜೊತೆ ಕಾಯಿಸಿ ಆವಿ ಹಿಡಿಯುವುದು. ಅರ್ಧ ಶತಮಾನ ಕಳೆದು, ಕೆನಡಾದ ನೆರವಿನಿಂದ ಕುಂದಾ ಯೋಜನೆ ನಡೆದು ಎಮರಾಲ್ಡ್, ಅವಲಾಂಚಿ ಕಣಿವೆಗಳಿಗೆ ಅಣೆಕಟ್ಟು ಬರುವ ಹೊತ್ತಿಗೆ, ಜಗತ್ತಿನ ನೈಟ್ರಿಕ್ ಆಮ್ಲವೆಲ್ಲ ಹೆಚ್ಚುಕಡಿಮೆ ಅಮೋನಿಯಾದಿಂದಲೇ ಬರುತ್ತಿತ್ತು. ಬಂಡೆ ಸಿಡಿಸುವ ಮದ್ದಿಗೂ ಹೊಲಕ್ಕೆ ಹಾಕುವ ನೈಟ್ರೇಟ್ ಗೊಬ್ಬರಕ್ಕೂ ಅದೇ ದಾರಿ. ಈ ಬದಲಾವಣೆಯನ್ನು ಗಣಿಯ ಹಂಗಿನಿಂದ ಸಿಕ್ಕ ಬಿಡುಗಡೆ ಎಂದು ಬಣ್ಣಿಸುವುದು ವಾಡಿಕೆ. ಅದು ಸರಿಯಲ್ಲ ಎಂಬುದು ನನ್ನ ವಾದ. ಹಂಗು ಚಿಲಿಯ ಉಪ್ಪನ್ನು ಬಿಟ್ಟು ಪ್ಲಾಟಿನಂ ಅದಿರಿಗೆ ಅಂಟಿಕೊಂಡಿತು, ಅಷ್ಟೇ.

ಅಮೋನಿಯಾ ಮತ್ತು ಗಾಳಿ ಬಿಸಿ ಪ್ಲಾಟಿನಂ ಮೇಲೆ ಹಾದರೆ ನೈಟ್ರೋಜನ್ನಿನ ಆಕ್ಸೈಡ್ ಆಗುತ್ತದೆಂದು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಕುಲ್ಮನ್ 1838ರಲ್ಲೇ ತೋರಿಸಿದ್ದ. ಜರ್ಮನಿಯ ಆಸ್ಟ್‌ವಾಲ್ಡ್ 1902ರಲ್ಲಿ ಅದನ್ನು ಕೈಗಾರಿಕೆಯ ಪೇಟೆಂಟಾಗಿಸಿದ. ಕಾರ್ಲ್ ಕೈಸರ್ 1909ರಲ್ಲಿ, ಕೇವಲ 0.06 ಮಿಲಿಮೀಟರ್ ದಪ್ಪದ ಪ್ಲಾಟಿನಂ ತಂತಿಯಿಂದ ನೇಯ್ದ ಜಾಲರಿಯನ್ನು ತಂದ. ವೇಗವರ್ಧಕ ತಾನು ಖರ್ಚಾಗುವುದಿಲ್ಲ ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಆದರೆ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಪ್ಲಾಟಿನಂ ಆಮ್ಲಜನಕದೊಡನೆ ಸೇರಿ ಆವಿಯಾಗುವ ಆಕ್ಸೈಡ್ ಆಗುತ್ತದೆ, ಅನಿಲದ ಜೊತೆ ಹೊರಟೇ ಹೋಗುತ್ತದೆ. ಬಳಸಿದ ತಂತಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಮೊದಲಿನ ನುಣುಪು ಮಾಯವಾಗಿ ಕುಳಿ ಬಿದ್ದಿರುತ್ತದೆ. ಮೈತುಂಬ ಹೂಕೋಸಿನಂಥ ಮೊಗ್ಗುಗಳು ಒಡೆದಿರುತ್ತವೆ. ಆರಂಭದಲ್ಲಿ ಇದು ಒಳ್ಳೆಯದೇ, ಮೇಲ್ಮೈ ಹಿಗ್ಗಿ ಕ್ರಿಯೆ ಚುರುಕಾಗುತ್ತದೆ. ಆಮೇಲೆ ತಂತಿ ಬಡಕಲಾಗುತ್ತದೆ. ರೋಡಿಯಂ ಬೆರೆಸಿದ ಮಿಶ್ರಲೋಹದ ಜಾಲರಿಯಲ್ಲಿ ಪ್ಲಾಟಿನಂ ಮುಂಚೆ ಹೋಗುವುದರಿಂದ ರೋಡಿಯಂ ಹಿಂದೆ ಉಳಿದು, ಆಕ್ಸೈಡಾಗಿ ಮೈಗೆ ಹತ್ತುತ್ತದೆ. ಕೊಳವೆಗಳಿಂದ ಬರುವ ಕಬ್ಬಿಣದ ಧೂಳೂ ಸೇರಿ ಕ್ರಿಯೆ ಮಂದವಾಗುತ್ತದೆ. ಉರಿಯದ ಅಮೋನಿಯಾ ಮುಂದಕ್ಕೆ ಜಾರಿ ತಣ್ಣನೆಯ ಭಾಗದಲ್ಲಿ ಅಮೋನಿಯಂ ಲವಣವಾಗಿ ಕಟ್ಟಿಕೊಂಡರೆ ಸ್ಫೋಟದ ಅಪಾಯವೂ ಉಂಟು.

ಈ ನಷ್ಟ ತೀರಾ ಅಲ್ಪ, ಟನ್ ಆಮ್ಲಕ್ಕೆ 0.05ರಿಂದ 0.3 ಗ್ರಾಂ, ಇದನ್ನು ಗಣಿಯ ಹಂಗು ಎನ್ನಬೇಕೇ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡೋಣ: ದಿನಕ್ಕೆ 1000 ಟನ್ ಆಮ್ಲ ಮಾಡುವ ಘಟಕದಲ್ಲಿ ಟನ್ನಿಗೆ 0.15 ಗ್ರಾಂ ಹೋದರೂ 200 ದಿನದಲ್ಲಿ 30 ಕೆ.ಜಿ. ಲೋಹ ಕಾಣೆ. ಇತಿಹಾಸದ ಸಾಕ್ಷ್ಯ ಇನ್ನೂ ಗಟ್ಟಿ. ಮೊದಲ ಮಹಾಯುದ್ಧಕ್ಕೆ ಮುಂಚೆ ಜಗತ್ತಿನ ಪ್ಲಾಟಿನಂ ಬಹುಪಾಲು ರಷ್ಯಾದ ಉರಾಲ್ ಬೆಟ್ಟಗಳಿಂದ ಬರುತ್ತಿತ್ತು. ಯುದ್ಧ ಬಂದೊಡನೆ ಜರ್ಮನಿಗೆ ಚಿಲಿಯ ನೈಟ್ರೇಟೂ ನಿಂತಿತು, ಪ್ಲಾಟಿನಮ್ಮೂ ದುರ್ಲಭವಾಯಿತು. ಆಗ ಅಲ್ಲಿನ ಬಿಎಎಸ್‌ಎಫ್ ಕಂಪನಿ ವೇಗವರ್ಧಕವಾಗಿ ಕಬ್ಬಿಣ–ಬಿಸ್ಮತ್ ಆಕ್ಸೈಡನ್ನು ಬಳಸಿತು. ನಗಣ್ಯ ವಸ್ತುವಿಗೆ ಯುದ್ಧಕಾಲದಲ್ಲಿ ಯಾರೂ ಬದಲಿ ಹುಡುಕುವುದಿಲ್ಲ. ಶಾಂತಿ ಬಂದ ಮೇಲೆ ಕೈಗಾರಿಕೆ ಮತ್ತೆ ಪ್ಲಾಟಿನಮ್ಮಿಗೇ ಮರಳಿತು ಎಂಬುದೂ ಅಷ್ಟೇ ಮುಖ್ಯ: ಅಗ್ಗದ ಆಕ್ಸೈಡುಗಳು ಅದರಷ್ಟು ಇಳುವರಿ ಕೊಡಲಿಲ್ಲ.

ಹೋದ ಲೋಹವನ್ನು ಹಿಡಿಯುವ ಉಪಾಯಗಳಿವೆಯಲ್ಲ ಎಂಬ ಇನ್ನೊಂದು ಆಕ್ಷೇಪಣೆ ಹೆಚ್ಚು ತೂಕದ್ದು. ನಿಜ. 1934ರಲ್ಲಿ ಡುಪಾಂಟ್ ಕಂಪನಿಯ ಹ್ಯಾಂಡ್‌ಫೋರ್ತ್, ಟಿಲ್ಲಿ ಪ್ರಕಟಿಸಿದ ಪ್ರಯೋಗಗಳು ರೋಡಿಯಂ ಬೆರೆಸಿದರೆ ಇಳುವರಿ ಏರಿ ನಷ್ಟ ಇಳಿಯುತ್ತದೆಂದು ತೋರಿಸಿದವು. 1960ರ ದಶಕದ ಕೊನೆಗೆ ಡೆಗುಸ್ಸಾ ಕಂಪನಿಯವರು ಪ್ಲಾಟಿನಂ ಜಾಲರಿಯ ಕೆಳಗೆ ಪಲ್ಲೇಡಿಯಂ ಜಾಲರಿ ಹಾಸಿ ಆವಿಯಾದ ಪ್ಲಾಟಿನಂ ಹಿಡಿದರು. ಈಗ ಅದರ ದೊಡ್ಡ ಪಾಲು ಹೀಗೆ ಕೈಗೆ ಬರುತ್ತದೆ. ಆದರೆ ಹಿಡಿಯುವ ಪಲ್ಲೇಡಿಯಮ್ಮೂ ಉಬ್ಬಿ, ಸ್ವಲ್ಪ ಸ್ವಲ್ಪವೇ ಕಳೆಯುತ್ತದೆ. ರೋಡಿಯಮ್ಮೂ ಪಲ್ಲೇಡಿಯಮ್ಮೂ ಪ್ಲಾಟಿನಮ್ಮಿನ ಜೊತೆಜೊತೆಗೇ ಅದಿರಿನಲ್ಲಿ ಸಿಗುವ ಒಡಹುಟ್ಟಿದ ಲೋಹಗಳು. ಒಂದರ ನಷ್ಟ ತಡೆಯಲು ಇನ್ನೆರಡನ್ನು ಅದೇ ಗಣಿಗಳಿಂದ ತರಬೇಕಾಯಿತು, ಅದೂ ಈಗ ಹೆಚ್ಚಾಗಿ ದಕ್ಷಿಣ ಆಫ್ರಿಕಾದಿಂದ.

ನಮ್ಮ ಆಸುಪಾಸಿನಲ್ಲೇ ಈ ಲೋಹಗಳ ಸುಳಿವಿದೆ: ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಹನುಮಲಾಪುರದಲ್ಲಿ, ತಮಿಳುನಾಡಿನ ಸಿತ್ತಂಪೂಂಡಿಯಲ್ಲಿ ಭೂವಿಜ್ಞಾನಿಗಳು ಪ್ಲಾಟಿನಂ ಗುಂಪಿನ ಖನಿಜ ಗುರುತಿಸಿದ್ದಾರೆ. ಸುಳಿವೇ ಗಣಿಯಲ್ಲ. ಆದ್ದರಿಂದ ಭಾರತದ ಆಮ್ಲ ಘಟಕಗಳಿಗೆ ಸದ್ಯದ ಗಣಿ ಎಂದರೆ ಹಳೆಯ ಜಾಲರಿಯೇ. ಘಟಕ ನಿಲ್ಲಿಸಿದಾಗ ಅದನ್ನು ಬಿಚ್ಚಿ, ಕೊಳವೆ, ತೊಟ್ಟಿಗಳ ತಳದ ಕೆಸರನ್ನು ಕೆರೆದು, ಶುದ್ಧೀಕರಣಕ್ಕೆ ಕಳಿಸುತ್ತಾರೆ. ಹಾಕಿದ ತೂಕಕ್ಕೂ ಮರಳಿದ ತೂಕಕ್ಕೂ ಇರುವ ವ್ಯತ್ಯಾಸವನ್ನು ಹೊಸ ಲೋಹ ಕೊಂಡು ತುಂಬುತ್ತಾರೆ.