ಕಾಶಿಗೆ ಹೊರಟ ಹುಡುಗ, ಹಂದಿಯ ಶ್ವಾಸಕೋಶ

ಕಾಶಿಯ ಜಂಗಮವಾಡಿ ಮಠಕ್ಕೆ ಹೋಗಿಬಂದ ಕನ್ನಡಿಗರು ಪಕ್ಕದ ಬಂಗಾಲಿ ಟೋಲಾದ ಇಕ್ಕಟ್ಟು ಗಲ್ಲಿಗಳನ್ನು ನೋಡಿಯೇ ಇರುತ್ತಾರೆ. ಯಾತ್ರಿಕರನ್ನೇ ನಂಬಿದ ವ್ಯಾಪಾರ ಅಲ್ಲಿ ಇಂದಿಗೂ ಇದೆ. ಕಳೆದ ಶತಮಾನದ ಮೊದಲ ದಶಕದಲ್ಲಿ, ಕಾಶಿಯ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಮಾಡುವ ಆಸೆಯಿಂದ ಆಂಧ್ರದ ಹದಿಮೂರರ ಹುಡುಗನೊಬ್ಬ ಮನೆಬಿಟ್ಟು ಓಡಿದನಂತೆ. ಅವನು ಕಾಶಿ ಮುಟ್ಟಲಿಲ್ಲ; ಮನೆಯವರು ಹುಡುಕಿ ಕರೆತಂದು ಮತ್ತೆ ಶಾಲೆಗೆ ಹಾಕಿದರು. ಆ ಹುಡುಗ ಯಲ್ಲಾಪ್ರಗಡ ಸುಬ್ಬಾರಾವ್.

ಮುಂದೆ ಸುಬ್ಬಾರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದ ಸಂಶೋಧನಾ ನಿರ್ದೇಶಕರಾದರು. ಅಲ್ಲಿ 1945ರಲ್ಲಿ ಬೆಂಜಮಿನ್ ಡಗ್ಗರ್, ಮಿಸೌರಿಯ ಹೊಲದ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಔರಿಯೋಮೈಸಿನ್ ಪಡೆದರು. ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧ ಅದು. ಅದು ಲೋಕಕ್ಕೆ ತಿಳಿದ 1948ರಲ್ಲೇ ಸುಬ್ಬಾರಾವ್ ತೀರಿಕೊಂಡರು.

ಅದೇ ಪ್ರಯೋಗಾಲಯದ ಥಾಮಸ್ ಜ್ಯೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್, ಔಷಧ ತೆಗೆದುಳಿದ ಗಸಿಯನ್ನು ಕೋಳಿಮರಿಗಳಿಗೆ ತಿನ್ನಿಸಿದರು. ಮರಿಗಳ ತೂಕ ಬೇಗ ಏರಿತು. 1950ರ ದಶಕದಲ್ಲಿ ಹಂದಿಯ ಮೇವಿಗೂ ಔಷಧ ಸೇರಿತು. ರೋಗವಿಲ್ಲದ ಪ್ರಾಣಿಗೂ ದಿನವೂ ಚಿಟಿಕೆ ಔಷಧ!

ಇದರ ಬೆಲೆ ತೆರಬೇಕಾದದ್ದು ಹಂದಿಗೆ ನಿಜವಾಗಿ ಕಾಯಿಲೆ ಬಂದಾಗ. ಆಕ್ಟಿನೋಬ್ಯಾಸಿಲಸ್ ಪ್ಲೂರೋನ್ಯುಮೋನಿಯೆ, ಪಾಶ್ಚುರೆಲ್ಲ ಮಲ್ಟೊಸಿಡ ಎಂಬ ಬ್ಯಾಕ್ಟೀರಿಯಾಗಳು ಹಂದಿಯ ಶ್ವಾಸಕೋಶಕ್ಕೆ ನ್ಯುಮೋನಿಯಾ ತರುತ್ತವೆ. ಮೊದಲನೆಯದು ಒಂದೆರಡು ದಿನದಲ್ಲೇ ಕೊಲ್ಲಬಲ್ಲದು. ಯಾವ ಔಷಧ ಫಲಿಸುತ್ತದೆಂದು ತಿಳಿಯಲು ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಿ, ಔಷಧ ಅದ್ದಿದ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. 1966ರಲ್ಲಿ ಬಾವರ್, ಕರ್ಬಿ ಮತ್ತು ಸಂಗಡಿಗರು ಈ ಪರೀಕ್ಷೆಗೆ ಒಂದು ಕಟ್ಟುಪಾಡು ತಂದರು. ಬಿಲ್ಲೆಯ ಸುತ್ತ ಸಾಕಷ್ಟು ಅಗಲದ ಖಾಲಿ ಉಂಗುರ ಮೂಡಿದರೆ ಔಷಧ ನಾಟುತ್ತದೆ. ಬ್ಯಾಕ್ಟೀರಿಯಾ ಬಿಲ್ಲೆಯವರೆಗೂ ಬೆಳೆದರೆ ಇಲ್ಲ.

ಟೆಟ್ರಾಸೈಕ್ಲಿನ್ ಬಿಲ್ಲೆಯ ಸುತ್ತ ಉಂಗುರವೇ ಮೂಡದ ತಳಿಗಳು ಇಂದು ಹಲವು ದೇಶಗಳ ಹಂದಿಗಳಲ್ಲಿವೆ. ಒಳಬಂದ ಔಷಧವನ್ನು ಹೊರದಬ್ಬುವ ವಿದ್ಯೆ ಕಲಿತ ಬ್ಯಾಕ್ಟೀರಿಯಾ ಆ ಜೀನನ್ನು ನೆರೆಯ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತದೆ. ಅದು ಪ್ರಾಣಿಯಿಂದ ಮನುಷ್ಯನಿಗೂ ಹರಡಬಲ್ಲದು.

ಬ್ರಿಟನ್ನಿನ ಸ್ವಾನ್ ಸಮಿತಿ 1969ರಲ್ಲೇ ಎಚ್ಚರಿಸಿತ್ತು. ಯುರೋಪಿಯನ್ ಒಕ್ಕೂಟ ತೂಕಕ್ಕಾಗಿ ಆ್ಯಂಟಿಬಯಾಟಿಕ್ ತಿನ್ನಿಸುವುದನ್ನು ಪೂರ್ತಿ ನಿಲ್ಲಿಸಿದ್ದು 2006ರಲ್ಲಿ. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡದಂತೆ ಭಾರತ ನಿಷೇಧಿಸಿದ್ದು 2019ರಲ್ಲಿ.

ನಾಲ್ಕಾರು ಹಂದಿ ಸಾಕುವವನ ಕೈಗೆ ಪರೀಕ್ಷೆಯ ಫಲ ಬರುವ ಹೊತ್ತಿಗೆ ಒಂದೆರಡು ಸತ್ತಿರಬಹುದು. ಹಾಗಾಗಿ ಅವನು ಅಂಗಡಿಯವನು ಕೊಟ್ಟ ಔಷಧವನ್ನೇ ಹಾಕುತ್ತಾನೆ. ಹತ್ತಿರದಲ್ಲೊಂದು ಪ್ರಯೋಗಾಲಯ ಇಲ್ಲದೆ, ಅವನೊಬ್ಬನನ್ನೇ ದೂರಿ ಫಲವಿಲ್ಲ.